ಗ್ಲೆಂಡಾ ಎತ್ತಿದ ಚಹಾ ಕಪ್

ಬೆಳಗಿನ ಏಳು ಗಂಟೆ. ನೆವಿಲ್ ಬ್ಲೋರ್ ಮಂಚದ ಅಂಚಿನಲ್ಲಿ ಕೂತು ಹೆಂಡತಿಯ ಬೆರಳುಗಳನ್ನು ಒಂದೊಂದಾಗಿ ಬಿಡಿಸುತ್ತಿದ್ದ. ಅವನ ತೊಡೆಯ ಮೇಲೆ ಬಿಸಿನೀರಿನ ಬೋಗುಣಿ. ಅದರಲ್ಲಿ ಗ್ಲೆಂಡಾಳ ಎರಡೂ ಕೈ. ಸಂಧಿವಾತ ಹಿಡಿದ ಆ ಬೆರಳುಗಳು ರಾತ್ರಿ ಮುದುಡಿಕೊಂಡರೆ ಬೆಳಗ್ಗೆ ಅರ್ಧ ಗಂಟೆ ನೆನೆಯದೆ ಬಿಚ್ಚಿಕೊಳ್ಳುತ್ತಿರಲಿಲ್ಲ.

"ಇವತ್ತು ಯಾರು ಮೊದಲು ಶರಣಾಗೋದು? ಹೆಬ್ಬೆರಳೋ, ಕಿರುಬೆರಳೋ?" ಎಂದು ನೆವಿಲ್ ಕೇಳಿದ.

"ಕಿರುಬೆರಳು. ಅದು ನಿನ್ನ ಥರ. ನೋಡೋಕೆ ಬಿಗಿ, ಒಂಚೂರು ಬಿಸಿ ತಾಗಿದ್ರೆ ಕರಗಿಹೋಗುತ್ತೆ."

ಮೂರು ವರ್ಷದಿಂದ ಅವರ ಬೆಳಗು ಹೀಗೇ ಶುರುವಾಗುತ್ತಿತ್ತು. ಬೆರಳು ಬಿಚ್ಚಿದ ಮೇಲೆ ಕೈಹಿಡಿದು ಎಬ್ಬಿಸುವುದು, ಸ್ನಾನಕ್ಕೆ ಕೂರಿಸುವುದು, ಸ್ವೆಟರಿನ ಗುಂಡಿ ಹಾಕುವುದು, ತಲೆ ಬಾಚುವುದು. ಹೇರ್‌ಪಿನ್ ಸಿಗಿಸುವುದರಲ್ಲಂತೂ ನೆವಿಲ್ ಪಳಗಿಹೋಗಿದ್ದ. ಮೂವತ್ತೊಂದು ವರ್ಷ ಪಿಂಗಾಣಿ ಕಾರ್ಖಾನೆಯ ಆವಿಗೆಯಲ್ಲಿ ಹಸಿ ತಟ್ಟೆಗಳನ್ನು ಒಡೆಯದಂತೆ ಜೋಡಿಸಿದ ಕೈ ಅದು. ಗ್ಲೆಂಡಾ ಅದೇ ಕಾರ್ಖಾನೆಯಲ್ಲಿ ತಟ್ಟೆಗಳ ಅಂಚಿಗೆ ಕುಂಚದಿಂದ ಚಿನ್ನದ ಗೆರೆ ಎಳೆಯುತ್ತಿದ್ದವಳು. ಬರ್ಸ್ಲೆಮ್ ಊರಿನಲ್ಲಿ ಅವಳಷ್ಟು ಸಣ್ಣ ಗೆರೆ ಎಳೆಯುವವರು ಇನ್ನೊಬ್ಬರಿರಲಿಲ್ಲ. ಕಾರ್ಖಾನೆ ಮುಚ್ಚಿತು. ಕೈಯೂ ಹೋಯಿತು. ನೆವಿಲ್ ಈಗ ಊರಾಚೆಯ ಗೋದಾಮಿನಲ್ಲಿ ಬೆಳಗ್ಗೆ ಹತ್ತರಿಂದ ನಾಲ್ಕರ ತನಕ ಪೆಟ್ಟಿಗೆ ಎತ್ತಿಡುತ್ತಾನೆ. ಬರುವ ಕೂಲಿ ಸಾಲದೆ, ಕಡಿಮೆ ಆದಾಯದ ಮನೆಗಳಿಗೆ ಸರ್ಕಾರ ಕೊಡುವ ನೆರವೂ ಒಂದಿಷ್ಟು ಬರುತ್ತದೆ. ಗಂಡ ಹೆಂಡತಿ ಇಬ್ಬರ ಹೆಸರಿಗೂ ಸೇರಿ ಅದು ಒಂದೇ ಖಾತೆ.

ಆ ವಾರ ಗೋದಾಮಿನವರು ಒಂದು ಚೀಟಿ ಅಂಟಿಸಿದ್ದರು. ಏಪ್ರಿಲ್ ಒಂದರಿಂದ ಕೆಲಸ ಶುರುವಾಗುವುದು ಬೆಳಗಿನ ಆರಕ್ಕೆ. ಆರಕ್ಕೆ ಬರಲಾಗದವರಿಗೆ ವಾರದಲ್ಲಿ ಮೂರು ಮಧ್ಯಾಹ್ನ, ನಾಲ್ಕು ನಾಲ್ಕು ಗಂಟೆ ಕೆಲಸ ಕೊಡಬಹುದು, ಸಂಬಳ ಅರ್ಧಕ್ಕಿಂತ ಕಡಿಮೆ. ಯಾವುದೆಂದು ಮಾರ್ಚ್ ಮುಗಿಯುವುದರೊಳಗೆ ತಿಳಿಸಬೇಕು.

ಆರಕ್ಕೆ ಹೋದರೆ ಗ್ಲೆಂಡಾ ಮಧ್ಯಾಹ್ನದ ತನಕ ಹಾಸಿಗೆಯಲ್ಲೇ. ಹೋಗದಿದ್ದರೆ ಬಾಡಿಗೆಗೆ ಏನು ಮಾಡುವುದು? ನೆವಿಲ್ ಅದನ್ನು ಹೆಂಡತಿಗೆ ಹೇಳಿರಲಿಲ್ಲ. ಅಂಗವೈಕಲ್ಯ ಭತ್ಯೆಗೆ ಹಾಕಿದ ಅರ್ಜಿ ಒಂದಿದೆಯಲ್ಲ, ಅದು ಬಂದರೆ ಎಲ್ಲ ಸರಿಹೋಗುತ್ತದೆ ಎಂದುಕೊಂಡಿದ್ದ.

ಶನಿವಾರ ಕಂದು ಲಕೋಟೆ ಬಂತು. ನೆವಿಲ್ ಅಡುಗೆಮನೆಯಲ್ಲಿ ನಿಂತೇ ಓದಿದ. ಒಬ್ಬರೇ ಮಾಡಿಕೊಳ್ಳಲಾಗದ ಕೆಲಸಗಳಿಗೆ ಅಂಕ ಕೊಡುತ್ತಾರೆ, ಭತ್ಯೆಗೆ ಎಂಟು ಬೇಕು. ಗ್ಲೆಂಡಾಗೆ ಕೊಟ್ಟದ್ದು ಎರಡು. ಕಾರಣವನ್ನೂ ಬರೆದಿದ್ದರು. "ಅರ್ಜಿದಾರರು ಮನೆಗೆ ಬಂದ ಪರಿಶೀಲಕರಿಗೆ ಚಹಾ ನೀಡಿದರು. ತಾವೂ ಪಿಂಗಾಣಿ ಕಪ್ಪಿನಲ್ಲಿ ಚಹಾ ಕುಡಿದರು. ತಲೆ ಬಾಚಿತ್ತು, ಉಡುಪು ಅಚ್ಚುಕಟ್ಟಾಗಿತ್ತು. ಸ್ನಾನಕ್ಕೆ ಯಾವುದೇ ಸಾಧನ ಬಳಸುವುದು ಕಂಡುಬರಲಿಲ್ಲ. ಹೇಗಿದ್ದೀರಿ ಎಂದು ಕೇಳಿದಾಗ, ಪರವಾಗಿಲ್ಲ, ದೂರುವಂಥದ್ದೇನೂ ಇಲ್ಲ ಎಂದರು."

ಬರೆದದ್ದರಲ್ಲಿ ಸುಳ್ಳಿರಲಿಲ್ಲ. ಕಾಗದವನ್ನು ಮತ್ತೆ ಮೊದಲಿಂದ ಓದಿದ.

ಬಾಗಿಲು ತಟ್ಟಿದ ಸದ್ದಾಯಿತು. ನಸ್ರೀನ್. ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ಗ್ಲೆಂಡಾಳ ಪಕ್ಕದ ಸ್ಟೂಲಿನಲ್ಲಿ ಕೂತು ಗೆರೆ ಎಳೆದವಳು. ಈಗ ಹಿಂದಿನ ಬೀದಿಯ ಸಲಹಾ ಕೇಂದ್ರದಲ್ಲಿ ಜನರ ಅರ್ಜಿಗಳನ್ನು ನೋಡುತ್ತಾಳೆ. ಶನಿವಾರ ಶನಿವಾರ ಮೂಲೆಯಂಗಡಿಯ ಓಟ್ಸ್ ದೋಸೆಯನ್ನು ಬಿಸಿಬಿಸಿಯಾಗಿ ಕಾಗದದಲ್ಲಿ ಸುತ್ತಿಸಿಕೊಂಡು ಬರುತ್ತಾಳೆ. ಚೀಸ್ ಹಾಕಿಸಿದ ಅರ್ಧ ಡಜನ್.

"ಏನ್ ಡಕ್, ಮುಖ ಬೇಯದೇ ಇರೋ ಕುಡಿಕೆ ಥರ ಇದೆ," ಎಂದಳು. ಆ ಊರಿನಲ್ಲಿ ಎಲ್ಲರೂ ಎಲ್ಲರನ್ನೂ ಪ್ರೀತಿಯಿಂದ ಡಕ್ ಅಂತಲೇ ಕರೆಯುವುದು.

ನೆವಿಲ್ ಕಾಗದ ಚಾಚಿದ. ನಸ್ರೀನ್ ಕನ್ನಡಕ ಏರಿಸಿ ಓದಿದಳು. ಇನ್ನೊಮ್ಮೆ ಓದಿದಳು. "ಚಹಾ ಯಾರು ಮಾಡಿದ್ದು?"

"ನಾನೇ."

"ಮತ್ತೆ ಇವಳು ನೀಡಿದಳು ಅಂತ ಬರೆದಿದಾರೆ?"

"ಟ್ರೇ ಇವಳ ಮುಂದೆ ಇಟ್ಟೆ. ಇವಳು ಪರಿಶೀಲನೆಗೆ ಬಂದ ಆಯಮ್ಮನ ಕಡೆ ತಳ್ಳಿದಳು, ಅಷ್ಟೇ."

"ಯಾವ ಕಪ್ಪು?"

ನೆವಿಲ್ ಗೋಡೆಯ ಗಾಜಿನ ಕಪಾಟು ನೋಡಿದ. ಅಲ್ಲಿ ಆರು ಕಪ್ಪು, ಆರು ಸಾಸರು. ಅಂಚಿನಲ್ಲಿ ಕೂದಲೆಳೆಯಂಥ ಚಿನ್ನದ ಗೆರೆ. ಗ್ಲೆಂಡಾ ಕಾರ್ಖಾನೆಯಲ್ಲಿ ಕೊನೆಯದಾಗಿ ಮಾಡಿದ ಕಪ್ಪುಗಳು.

ಒಳಗಿನಿಂದ ಗ್ಲೆಂಡಾ ಗೋಡೆ ಹಿಡಿದುಕೊಂಡು ಬಂದಳು. "ಬಂದವರಿಗೆ ಪ್ಲಾಸ್ಟಿಕ್ಕಲ್ಲಿ ಕೊಡೋಕಾಗುತ್ತಾ ನಸ್ರೀನ್? ನಾವು ಪಿಂಗಾಣಿ ಮಾಡಿದೋರು. ಆಮೇಲೆ ಆಯಮ್ಮ ಕಪ್ಪು ತಿರುಗಿಸಿ ತಳಾನೂ ನೋಡ್ಲಿಲ್ಲ. ಬೇರೆ ಊರಿನವಳು."

ಬರ್ಸ್ಲೆಮ್‌ನಲ್ಲಿ ಯಾರ ಮನೆಗೆ ಹೋದರೂ, ಹೋಟೆಲಿಗೆ ಹೋದರೂ, ಕಪ್ಪು ಬರಿದಾದ ಕೂಡಲೇ ಬೋರಲು ಹಾಕಿ ತಳದ ಮುದ್ರೆ ನೋಡುತ್ತಾರೆ. ಯಾವ ಕಾರ್ಖಾನೆ, ಯಾವ ಕಾಲದ್ದು, ಯಾರ ಕೈ. ನೋಡದವರು ಹೊರಗಿನವರು.

"ನೀನು ಆ ಕಪ್ಪನ್ನ ಎತ್ತಿದ್ಯಾ?" ನಸ್ರೀನ್ ಕೇಳಿದಳು.

"ಎತ್ತಿದೆ."

"ಆಮೇಲೆ?"

"ಆಮೇಲೆ ಎರಡು ದಿನ ನೆವ್ ನನಗೆ ತುತ್ತು ಕೊಟ್ಟ."

ನಸ್ರೀನ್ ನೆವಿಲ್ ಕಡೆ ತಿರುಗಿದಳು. "ಇವಳು ದಿನಾ ಕುಡಿಯೋದು ಎರಡು ಹಿಡಿ ಇರೋ ಆ ಮುಚ್ಚಳದ ಲೋಟದಲ್ಲಿ ಅಲ್ವಾ? ಅದೆಲ್ಲಿತ್ತು ಆವತ್ತು?"

"ಸಿಂಕ್ ಕೆಳಗೆ ಇಟ್ಟಿದ್ದೆ."

"ಸ್ನಾನದ ಸ್ಟೂಲು?"

"ಹಿತ್ತಿಲ ಶೆಡ್ಡಲ್ಲಿ."

"ದಪ್ಪ ಹಿಡಿಯ ಚಮಚ?"

"ಮನೆಗೆ ಜನ ಬರ್ತಾರೆ ಅಂದ್ರೆ ಮನೆ ಒಪ್ಪ ಮಾಡ್ಬೇಡ್ವಾ," ಎಂದ ನೆವಿಲ್, ತಲೆ ತಗ್ಗಿಸಿ.

"ಸಾಕ್ಷಿಯನ್ನೆಲ್ಲ ನೀನೇ ಗುಡಿಸಿ ಹಾಕಿದೀಯ," ಎಂದಳು ನಸ್ರೀನ್. ದೋಸೆಯ ಪೊಟ್ಟಣ ಬಿಚ್ಚಿ ಮೂವರಿಗೂ ಹಾಕಿದಳು. ಗ್ಲೆಂಡಾಳದ್ದನ್ನು ಕೇಳದೆಯೇ ಸಣ್ಣಗೆ ಹರಿದಳು. "ತಿನ್ನಿ. ಆಮೇಲೆ ಜಗಳ ಆಡೋಣ."

ನೆವಿಲ್‌ಗೆ ತಿನ್ನಲಾಗಲಿಲ್ಲ. "ಬಿಡು ನಸ್ರೀನ್. ಆಗಲ್ಲ ಅಂದಿದಾರೆ. ನಮಗಿಂತ ಕಷ್ಟದಲ್ಲಿರೋರು ಎಷ್ಟೋ ಜನ. ಅವರಿಗೆ ಸಿಗಲಿ. ಈ ವಯಸ್ಸಲ್ಲಿ ಕೈ ಚಾಚೋದು ನನಗೆ ಸರಿಹೋಗಲ್ಲ."

ನಸ್ರೀನ್ ಕೈಯಲ್ಲಿದ್ದ ದೋಸೆ ಕೆಳಗಿಟ್ಟಳು. ಅವಳ ದನಿ ಏರಲಿಲ್ಲ. ಏರದಿದ್ದಾಗಲೇ ಅವಳಿಗೆ ಹೆಚ್ಚು ಸಿಟ್ಟು. "ನೀನು ಬಿಟ್ಟ ದುಡ್ಡು ಇನ್ನೊಬ್ಬ ಕಷ್ಟದವನ ಮನೆಗೆ ಹೋಗುತ್ತೆ ಅಂತ ಯಾರು ಹೇಳಿದ್ರು ನಿನಗೆ? ಅದು ಎಲ್ಲಿಗೂ ಹೋಗಲ್ಲ. ಖಜಾನೇಲೇ ಇರುತ್ತೆ. ಮೂವತ್ತೊಂದು ವರ್ಷ ಆವಿಗೆ ಮುಂದೆ ಬೆಂದು ತೆರಿಗೆ ಕೊಟ್ಟೆ. ಆಗ ಸರ್ಕಾರ ನಿನ್ನ ಮುಂದೆ ಕೈ ಚಾಚಿದೆ ಅಂತ ನಾಚಿಕೊಂಡಿತಾ? ಇದು ಭಿಕ್ಷೆ ಅಲ್ಲ ನೆವ್. ಕಾನೂನಲ್ಲಿ ಬರೆದಿಟ್ಟಿರೋ ಹಕ್ಕು. ನಮ್ಮಂಥೋರು ನಾಚಿಕೊಂಡು ಸುಮ್ಮನಿದ್ರೆ ಅವರಿಗೆ ಉಳಿತಾಯ."

"ಆದ್ರೆ ಇವಳಿಗೆ ಕಪ್ಪು ಎತ್ತೋಕೆ ಆಯ್ತಲ್ಲ. ಅದು ನಿಜ ತಾನೆ?"

"ಎತ್ತೋಕಾಗುತ್ತಾ ಅನ್ನೋದಲ್ಲ ಪ್ರಶ್ನೆ. ಅಪಾಯ ಇಲ್ಲದೆ ಆಗುತ್ತಾ? ಸರಿಯಾಗಿ ಆಗುತ್ತಾ? ಬೇಕು ಅಂದಾಗೆಲ್ಲ ಆಗುತ್ತಾ? ಬೇರೆಯವರಿಗೆ ಹಿಡಿಯೋ ಹೊತ್ತಲ್ಲಿ ಆಗುತ್ತಾ? ಈ ನಾಲ್ಕರಲ್ಲಿ ಒಂದು ಇಲ್ಲ ಅಂದ್ರೂ ಆ ಕೆಲಸ ಆಗಲ್ಲ ಅಂತಲೇ ಲೆಕ್ಕ. ಹಾಗಂತ ಅವರ ನಿಯಮದಲ್ಲೇ ಇದೆ."

ಗ್ಲೆಂಡಾ ನಿಧಾನಕ್ಕೆ ಬಾಯಿ ಬಿಟ್ಟಳು. "ನಮ್ಮ ಗೆರೆ ಕೆಲಸದ ಹಾಗೆ."

"ಏನು ಡಕ್?"

"ಒಂದು ತಟ್ಟೆಗೆ ಚೆನ್ನಾಗಿ ಗೆರೆ ಎಳೆದ್ರೆ ಯಾರೂ ಕೆಲಸಕ್ಕೆ ತಗೊಳ್ತಿರಲಿಲ್ಲ. ದಿನವಿಡೀ ಎಳೀಬೇಕಿತ್ತು. ನೂರನೇ ತಟ್ಟೇಲೂ ಕೈ ನಡುಗಬಾರದಿತ್ತು. ನಾನು ಆಯಮ್ಮನಿಗೆ ಒಂದೇ ತಟ್ಟೆ ತೋರಿಸಿಬಿಟ್ಟೆ."

ನಸ್ರೀನ್ ಗೆಳತಿಯ ತಲೆಗೆ ತಲೆ ತಾಗಿಸಿದಳು. "ಇಷ್ಟು ವರ್ಷದಿಂದ ಜನಕ್ಕೆ ಇದನ್ನ ಹೇಳಿಕೊಡ್ತಾ ಇದೀನಿ. ನಿನ್ನಷ್ಟು ಚೆನ್ನಾಗಿ ಒಂದ್ಸಲಾನೂ ಹೇಳಿಲ್ಲ."

ತೀರ್ಮಾನದ ಕಾಗದದ ಮೇಲಿರುವ ತಾರೀಖಿನಿಂದ ಒಂದು ತಿಂಗಳೊಳಗೆ ಮರುಪರಿಶೀಲನೆ ಕೇಳಬಹುದು ಎಂದು ನಸ್ರೀನ್ ತಿಳಿಸಿದಳು. ಅಲ್ಲೂ ಇಲ್ಲವೆಂದರೆ ಇಲಾಖೆಗೆ ಸೇರದ ನ್ಯಾಯಮಂಡಳಿಯ ಮುಂದೆ ಹೋಗಬಹುದು. ಅದಕ್ಕೆ ಶುಲ್ಕವಿಲ್ಲ. ಸದ್ಯಕ್ಕೆ ಬೇಕಾದದ್ದು ಎರಡು. ಸಂಧಿವಾತದ ಚಿಕಿತ್ಸಾಲಯದ ನರ್ಸ್ ಬರೆದುಕೊಡುವ ಒಂದು ಪತ್ರ, ಮತ್ತು ಒಂದು ವಾರದ ಡೈರಿ.

"ಡೈರಿ ಬರೆಯೋನು ನೀನು," ಎಂದು ನೆವಿಲ್‌ಗೆ ಬೆರಳು ತೋರಿಸಿದಳು. "ಒಳ್ಳೆ ದಿನ, ಕೆಟ್ಟ ದಿನ, ಎರಡೂ ಇರಲಿ. ಸುಳ್ಳು ಒಂದಕ್ಷರ ಬೇಡ. ನಿಜವನ್ನ ಮುಚ್ಚಿಡೋದೂ ಬೇಡ."

ಸೋಮವಾರ ಸಂಜೆ ನಸ್ರೀನ್ ಬಂದು ನೋಟುಪುಸ್ತಕ ತೆರೆದರೆ ಅದರಲ್ಲಿ ಒಂದು ಸಾಲಿತ್ತು. ಗ್ಲೆಂಡಾಗೆ ಸಹಾಯ ಮಾಡಿದೆ.

"ಇದೇನು ಡೈರಿಯಾ, ತಂತಿಯಾ? ಪದಕ್ಕಿಷ್ಟು ಅಂತ ದುಡ್ಡು ಕೊಡ್ತಿದೀಯಾ?"

ಗ್ಲೆಂಡಾ ನಕ್ಕಳು. "ಇವನು ನನಗೆ ಬರೆದ ಪ್ರೇಮಪತ್ರಾನೂ ಇಷ್ಟೇ ಇತ್ತು. ಶನಿವಾರ ಬಸ್ ನಿಲ್ದಾಣ, ಏಳು ಗಂಟೆ, ನೆವ್."

"ನೀನು ಬಂದೆ ತಾನೆ?" ಎಂದ ನೆವಿಲ್. ಮರುದಿನದಿಂದ ಬಿಡಿಸಿ ಬರೆಯತೊಡಗಿದ. ಬೋಗುಣಿ, ನಲವತ್ತು ನಿಮಿಷ. ಬಟ್ಟೆ, ಇಪ್ಪತ್ತೈದು ನಿಮಿಷ, ಎಡತೋಳು ಎತ್ತುವಾಗ ಅತ್ತಳು. ಆಲೂಗಡ್ಡೆ ಹೆಚ್ಚಲು ಹೋಗಿ ಚಾಕು ಜಾರಿತು. ಸ್ನಾನದ ಸಾಲು ಬರೆಯುವಾಗ ಹೆಂಡತಿಯ ಮುಖ ನೋಡಿದ. ಅವಳು ಕಣ್ಣು ಮುಚ್ಚಿಕೊಂಡು, "ಬರಿ," ಎಂದಳು.

ಗುರುವಾರ ಒಂದು ಜಾಗ ಖಾಲಿ ಉಳಿದಿತ್ತು. ನೆವಿಲ್ ಗೋದಾಮಿನಲ್ಲಿರುವ ಹೊತ್ತು. ಅದನ್ನು ಗ್ಲೆಂಡಾ ಹೇಳಬೇಕು, ಅವನು ಬರೆಯಬೇಕು.

"ಹತ್ತರಿಂದ ನಾಲ್ಕು," ಎಂದು ನೆವಿಲ್ ಪೆನ್ನು ಹಿಡಿದ. "ಲೋಟದಲ್ಲಿ ಚಹಾ ಇಟ್ಟು ಹೋಗ್ತೀನಿ. ಎಷ್ಟೊತ್ತಿಗೆ ಕುಡೀತೀಯ?"

ಗ್ಲೆಂಡಾ ಕಿಟಕಿಯ ಕಡೆ ನೋಡಿದಳು. "ಕುಡಿಯಲ್ಲ ಅಂತ ಬರಿ."

"ಇವತ್ತು ಕುಡೀಲಿಲ್ವಾ?"

"ಯಾವತ್ತೂ ಕುಡಿಯಲ್ಲ ನೆವ್. ನೀನು ಬರೋ ಮುಂಚೆ ಸಿಂಕಿಗೆ ಸುರೀತೀನಿ. ಕುಡಿದ್ರೆ ಬಾತ್‌ರೂಮಿಗೆ ಹೋಗ್ಬೇಕು. ಬಟ್ಟೆ ಇಳಿಸ್ಕೊಳ್ಳೋಕೆ ಹೇಗೋ ಆಗುತ್ತೆ. ಏರಿಸ್ಕೊಳ್ಳೋಕೆ ಆಗಲ್ಲ. ಒಂದ್ಸಲ ನೀನು ಬರೋ ತನಕ ಅಲ್ಲೇ ಕೂತಿದ್ದೆ. ಅದಾದ ಮೇಲೆ ಬೆಳಗಿಂದ ಒಂದು ಗುಟುಕೂ ಕುಡೀಬಾರದು ಅಂತ ಮಾಡ್ಕೊಂಡೆ."

"ಎಷ್ಟು ದಿನದಿಂದ?"

"ಎರಡನೇ ಚಳಿಗಾಲ ಇದು."

ಮೂರು ವರ್ಷ ಅವಳ ತಲೆ ಬಾಚಿದ್ದ, ಅವಳ ಬೆರಳಿನ ಒಂದೊಂದು ಗೆಣ್ಣೂ ಅವನಿಗೆ ಗೊತ್ತಿತ್ತು. ಸಂಜೆ ಬಂದ ಕೂಡಲೇ ಒಂದಾದ ಮೇಲೊಂದು ಮೂರು ಲೋಟ ಚಹಾ ಕೇಳುವವಳನ್ನು, "ಚಹಾ ಕುಡಿಯೋಕೇ ಹುಟ್ಟಿದೋಳು," ಎಂದು ತಾನು ತಮಾಷೆ ಮಾಡುತ್ತಿದ್ದದ್ದು ನೆನಪಾಯಿತು. ಪೆನ್ನು ನಿಂತಲ್ಲೇ ಶಾಯಿ ಒಂದು ಚುಕ್ಕೆಯಾಗಿ ಹರಡಿತು.

"ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಕೆಲಸ ಬಿಡ್ತಿದ್ದೆ. ಆಮೇಲೆ ಮನೆ ಹೇಗೆ ನಡೀಬೇಕು?"

ಆಗ ನೆವಿಲ್ ಗೋದಾಮಿನ ಚೀಟಿಯ ವಿಷಯವನ್ನು ಹೇಳಿದ. ಆರು ಗಂಟೆ, ಏಪ್ರಿಲ್ ಒಂದು, ಎಲ್ಲ. ಇಬ್ಬರೂ ಒಬ್ಬರನ್ನೊಬ್ಬರು ಕಾಪಾಡಲು ಹೋಗಿ ಬಚ್ಚಿಟ್ಟದ್ದೆಲ್ಲ ಮೇಜಿನ ಮೇಲೆ ಬಂತು. ನೆವಿಲ್ ಕಣ್ಣೊರೆಸಿಕೊಂಡು ಬರೆದ. ಹತ್ತರಿಂದ ನಾಲ್ಕು: ಏನೂ ಕುಡಿಯುವುದಿಲ್ಲ. ಕಾರಣವನ್ನೂ ಬರೆದ. ಬಳಿಕ ಎದ್ದು, ಆವತ್ತು ಸ್ನಾನದ ಸ್ಟೂಲಿನ ಜೊತೆ ಶೆಡ್ಡಿಗೆ ಸಾಗಿಸಿ ಅಲ್ಲೇ ಬಿಟ್ಟಿದ್ದ ಆಸರೆಯ ಹಿಡಿಕೆಯನ್ನು ತಂದು, ಬಾತ್‌ರೂಮಿನ ಗೋಡೆಗೆ ಬಿಗಿದು ಕೂರಿಸಿದ. ಯಾರಾದರೂ ಬಂದರೂ ಅದು ಅಲ್ಲೇ ಇರುತ್ತದೆ.

ಡೈರಿ, ನರ್ಸ್ ಪತ್ರ, ನಸ್ರೀನ್ ಬರೆದ ಎರಡು ಪುಟದ ಮನವಿ ಸೇರಿ ಇಲಾಖೆಗೆ ಹೋದವು. ಪ್ರತಿಯೊಂದರ ನಕಲನ್ನೂ ಗ್ಲೆಂಡಾ ಬಿಸ್ಕತ್ತಿನ ಡಬ್ಬಿಯಲ್ಲಿ ಇಡಿಸಿದಳು.

ಮಾರ್ಚ್ ಎರಡನೇ ವಾರ ಇಲಾಖೆಯಿಂದ ಫೋನು ಬಂತು. ನೆವಿಲ್ ಸ್ಪೀಕರ್ ಒತ್ತಿ ಫೋನನ್ನು ಮೇಜಿನ ಮೇಲಿಟ್ಟ. ಒಬ್ಬ ಗಂಡಸು, ಸೌಮ್ಯ ದನಿ. ಮರುಪರಿಶೀಲನೆಗೆ ಮುನ್ನ ಕೆಲವು ಪ್ರಶ್ನೆ ಕೇಳಬೇಕಿದೆ ಎಂದ.

"ಮೊದಲಿಗೆ, ಹೇಗಿದ್ದೀರಿ ಮಿಸೆಸ್ ಬ್ಲೋರ್?"

"ಪರವಾಗಿಲ್ಲ ಡಕ್," ಎಂದಳು ಗ್ಲೆಂಡಾ. "ದೂರುವಂಥದ್ದೇನೂ..."

ಅಲ್ಲಿಗೆ ನಿಂತಳು. ಅರವತ್ತು ವರ್ಷದಿಂದ ನಾಲಿಗೆ ಮೇಲೆ ಕೂತ ಮಾತು. ಅವ್ವ ಸಾಯುವ ಹಿಂದಿನ ದಿನವೂ ಡಾಕ್ಟರಿಗೆ ಇದನ್ನೇ ಹೇಳಿದ್ದಳು. ನೆವಿಲ್ ಎರಡು ಹಿಡಿಯ ಲೋಟವನ್ನು ಹೆಂಡತಿಯ ಎದುರಿಗೆ ಸರಿಸಿಟ್ಟ.

"ಇಲ್ಲ," ಎಂದಳು ಗ್ಲೆಂಡಾ. "ತಪ್ಪು ಹೇಳಿದೆ. ಚೆನ್ನಾಗಿಲ್ಲ ನಾನು. ಬರ್ಕೊಳ್ಳಿ, ನಿಧಾನಕ್ಕೆ ಹೇಳ್ತೀನಿ."

ಹೇಳಿದಳು. ಬೆರಳು, ಗುಂಡಿ, ಚಾಕು, ಸ್ನಾನ, ಸಿಂಕಿಗೆ ಸುರಿದ ಚಹಾ. ಆ ಕಡೆಯ ಗಂಡಸು ಬರೆದುಕೊಂಡ. ಕೊನೆಗೆ, "ಪರಿಶೀಲಕರು ಬಂದ ದಿನ ನೀವು ಪಿಂಗಾಣಿ ಕಪ್ಪು ಎತ್ತಿದಿರಿ ಅಂತ ಇದೆಯಲ್ಲ?" ಎಂದು ಕೇಳಿದ.

"ಅದಕ್ಕೆ ನಾನು ಉತ್ತರ ಹೇಳಬಹುದಾ?" ಎಂದ ನೆವಿಲ್. "ಆ ಚಹಾ ಮಾಡಿದ್ದು ನಾನು. ಲೋಟ ಬಚ್ಚಿಟ್ಟಿದ್ದೂ ನಾನು. ಬಂದವರ ಮುಂದೆ ನನ್ನ ಹೆಂಡತಿ ಚೆನ್ನಾಗಿ ಕಾಣಲಿ ಅಂತ ಆಸೆಪಟ್ಟೆ ಸಾರ್. ಅವಳು ಆ ಕಪ್ಪು ಎತ್ತಿದ್ದು ನನ್ನ ಮಾನ ಉಳಿಸೋಕೆ. ಅದಕ್ಕೆ ಎರಡು ದಿನ ನರಳಿದಳು."

ಮಾರ್ಚ್ ಇಪ್ಪತ್ತಾರಕ್ಕೆ ಕಾಗದ ಬಂತು. ಅಂಕ ಹನ್ನೊಂದು. ದಿನನಿತ್ಯದ ಬದುಕಿಗೆ ಕೊಡುವ ಭತ್ಯೆ ಮಂಜೂರಾಗಿತ್ತು.

ನಸ್ರೀನ್ ಬಂದವಳು ಕೂರುವ ಮೊದಲೇ ಇನ್ನೊಂದು ಅರ್ಜಿ ಮೇಜಿಗೆ ಹಾಕಿದಳು. "ಇದು ನಿಂದು ನೆವ್. ಆರೈಕೆ ಭತ್ಯೆ. ಇವಳಿಗೆ ಅದು ಸಿಕ್ಕಿದ ಮೇಲೆ ನಿನಗೆ ಇದನ್ನ ಕೇಳೋ ಹಕ್ಕು ಬಂತು. ವಾರಕ್ಕೆ ಮೂವತ್ತೈದು ಗಂಟೆ ನೋಡ್ಕೊಂಡಿರಬೇಕು. ನಿನ್ನ ಡೈರೀಲಿ ನಲವತ್ತೇಳು ಇದೆ."

"ಆರೈಕೆದಾರ ಅಂತ ಬರೀಬೇಕಾ? ನಾನು ಇವಳ ಗಂಡ."

"ಗಂಡ ಆಗಿರೋದಕ್ಕೆ ಯಾವ ಸರ್ಕಾರಾನೂ ದುಡ್ಡು ಕೊಡಲ್ಲ ಡಕ್."

"ಕೊಟ್ಟಿದ್ರೂ ಇವನಿಗೆ ಪೂರ್ತಿ ಅಂಕ ಬರ್ತಿರಲಿಲ್ಲ," ಎಂದಳು ಗ್ಲೆಂಡಾ. "ಗೊರಕೆಗೆ ಕಳೀಬೇಕಲ್ಲ."

ನಗು ಮುಗಿದ ಮೇಲೆ ನಸ್ರೀನ್ ಬಿಡಿಸಿ ಹೇಳಿದಳು. ನೆವಿಲ್‌ನ ಸಂಪಾದನೆ ಒಂದು ಮಿತಿಯೊಳಗೆ ಇರಬೇಕು. ಮಿತಿ ಆಗಾಗ ಬದಲಾಗುತ್ತದೆ, ಕೇಳಿಕೊಳ್ಳಬೇಕು. ದಾಟಿದ ವಾರ ತಾನಾಗಿಯೇ ತಿಳಿಸಬೇಕು, ಇಲ್ಲದಿದ್ದರೆ ಆಮೇಲೆ ವಾಪಸು ಕೇಳುತ್ತಾರೆ. ಮೂರು ಮಧ್ಯಾಹ್ನದ ಕೆಲಸ ಮಿತಿಯೊಳಗೇ ಬರುತ್ತದೆ. ಗ್ಲೆಂಡಾಳ ಭತ್ಯೆ ಸಿಕ್ಕ ಮೂರು ತಿಂಗಳೊಳಗೆ ಅರ್ಜಿ ಹಾಕಿದರೆ ಹಿಂದಿನದ್ದೂ ಸಿಗಬಹುದು. ಇಬ್ಬರ ಜಂಟಿ ನೆರವಿನ ಖಾತೆಗೂ ಹೇಳಲೇಬೇಕು. ಆರೈಕೆ ಭತ್ಯೆಯನ್ನು ಆ ನೆರವಿನಲ್ಲಿ ಕಳೆಯುತ್ತಾರೆ, ನಿಜ. ಆದರೆ ಆರೈಕೆ ಮಾಡುವವರ ಪಾಲು ಅಂತ ಬೇರೆಯೇ ಒಂದು ಮೊತ್ತ ಸೇರಿಸುತ್ತಾರೆ. "ಕೇಳದೇ ಇದ್ರೆ ಸೇರಿಸಲ್ಲ. ಮರೆತೋಯ್ತು ಅಂತಾರೆ," ಎಂದಳು. ಗ್ಲೆಂಡಾಳ ಭತ್ಯೆಗಾಗಿ ಮಾತ್ರ ಆ ನೆರವಿನಲ್ಲಿ ಏನನ್ನೂ ಕಳೆಯುವ ಹಾಗಿಲ್ಲ.

ನೆವಿಲ್ ಆರೈಕೆದಾರ ಎಂಬ ಜಾಗದಲ್ಲಿ ತನ್ನ ಹೆಸರು ಬರೆದ. ಮಾರನೆಯ ದಿನ ಗೋದಾಮಿಗೆ ಹೋಗಿ ಮೂರು ಮಧ್ಯಾಹ್ನ ಸಾಕು ಎಂದ.

ಈಗ ಆ ಮೂರು ಮಧ್ಯಾಹ್ನ, ಎರಡೂವರೆ ಗಂಟೆಗೆ ಸರಿಯಾಗಿ, ಎದುರು ಮನೆಯ ಹೆಂಗಸೊಬ್ಬಳು ಒಂದು ಗಂಟೆಯ ಕೂಲಿಗೆ ಬರುತ್ತಾಳೆ. ಆ ಕೂಲಿ ಗ್ಲೆಂಡಾಳ ಭತ್ಯೆಯಿಂದ. ಗ್ಲೆಂಡಾಳನ್ನು ಬಾತ್‌ರೂಮಿಗೆ ಕರೆದೊಯ್ದು ತರುತ್ತಾಳೆ. ಆಮೇಲೆ ಇಬ್ಬರೂ ಕಿಟಕಿಯ ಬಳಿ ಕೂರುತ್ತಾರೆ. ಗ್ಲೆಂಡಾ ಎರಡು ಹಿಡಿಯ ಲೋಟ ಎತ್ತಿ ಚಹಾ ಕುಡಿಯುತ್ತಾಳೆ, ನಡುಹಗಲಲ್ಲಿ, ತಳ ಕಾಣುವ ತನಕ.

ಓದುತ್ತಿರುವ ಅಕ್ಕ, ಓದುತ್ತಿರುವ ಅಣ್ಣ, ನಿಮ್ಮ ಮನೆಯಲ್ಲೂ ಒಬ್ಬರು ಇನ್ನೊಬ್ಬರ ಗುಂಡಿ ಹಾಕುತ್ತಿರಬಹುದು. ಅದನ್ನು ಪ್ರೀತಿಯೆಂದೇ ಕರೆಯಿರಿ, ಅದು ಪ್ರೀತಿಯೇ. ಆದರೆ ಪ್ರೀತಿಯನ್ನು ತೋರಿಸಿ ಬಾಡಿಗೆ ಕಟ್ಟಲಾಗುವುದಿಲ್ಲ ಎಂಬುದನ್ನು ಅಧಿಕಾರದಲ್ಲಿ ಕೂತವರು ನಿಮಗಿಂತ ಚೆನ್ನಾಗಿ ಬಲ್ಲರು. ನೀವು ಮರ್ಯಾದೆಗೆ ಅಂಜಿ ಸುಮ್ಮನಿದ್ದರೆ ಅವರಿಗೆ ದುಡ್ಡು ಉಳಿಯುತ್ತದೆ. ನೀವು ಯಾವ ನಾಡಿನಲ್ಲೇ ಇರಿ, ನಿಮ್ಮ ಮನೆಗೆ ಸಲ್ಲಬೇಕಾದದ್ದು ಏನೇನಿದೆ ಎಂದು ನಾಳೆಯೇ ಹತ್ತಿರದ ಸಲಹಾ ಕೇಂದ್ರದಲ್ಲಿ ಕೇಳಿ. ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ಹೋಗಿ. ಒಬ್ಬರಿಗೆ ಗೊತ್ತಿಲ್ಲದ ಕಷ್ಟ ಇನ್ನೊಬ್ಬರ ಬಳಿ ಇರುತ್ತದೆ. ಒಂದು ವಾರ ಬರೆದಿಡಿ. ಇಲ್ಲ ಎಂಬ ಕಾಗದ ಬಂದರೆ ಅದನ್ನು ಡ್ರಾಯರಿನಲ್ಲಿ ಮುಚ್ಚಿಡಬೇಡಿ, ಅದರ ಮೇಲಿನ ತಾರೀಖು ನೋಡಿ.

ಪರಿಶೀಲಿಸಲು ಯಾರಾದರೂ ಮನೆಗೆ ಬಂದರೆ ಧಾರಾಳವಾಗಿ ಚಹಾ ಕೊಡಿ. ಆದರೆ ಸ್ನಾನದ ಸ್ಟೂಲು ಇದ್ದಲ್ಲೇ ಇರಲಿ. ಹೇಗಿದ್ದೀರಿ ಎಂದು ಕೇಳಿದರೆ ಒಂದು ಕ್ಷಣ ನಿಲ್ಲಿ. ನಿಂತು ನಿಜ ಹೇಳಿ. ಅವರು ಕಪ್ಪು ತಿರುಗಿಸಿ ನೋಡದಿದ್ದರೆ, ನೀವೇ ತಿರುಗಿಸಿ ತಳ ತೋರಿಸಿ.